ಸರ್ಕಾರದ ನೆರವು ಮುಗಿದ ಮೇಲೆ ರೈತ ಕಂಪನಿ ನಡೆಸುವುದು: ಉದ್ರಿ, ಕಾಂಟಾ ಮತ್ತು ಅಧ್ಯಕ್ಷರ ಹೊಣೆ

ಪ್ರಶ್ನೆ: ಹಾವೇರಿ ಜಿಲ್ಲೆಯ ರೈತ ಉತ್ಪಾದಕ ಕಂಪನಿಯೊಂದರ ನಿರ್ದೇಶಕಿ ನಾನು. 640 ಷೇರುದಾರರಿದ್ದೇವೆ, ತಲಾ 1,000 ರೂಪಾಯಿ ಷೇರು. ಬೀಜ, ಗೊಬ್ಬರ ಮಾರುತ್ತೇವೆ, ಗೋವಿನಜೋಳ ಖರೀದಿಸುತ್ತೇವೆ. ಮೂರು ವರ್ಷದ ಸರ್ಕಾರಿ ನೆರವು ಈ ಮಾರ್ಚಿಗೆ ಮುಗಿಯಿತು. ಸಿಇಒ (ಮುಖ್ಯ ಕಾರ್ಯನಿರ್ವಾಹಕರು) ಬೇರೆ ಕೆಲಸ ಹುಡುಕುತ್ತಿದ್ದಾರೆ. ಕೆಲವು ನಿರ್ದೇಶಕರೇ ಗೊಬ್ಬರ ಉದ್ರಿ ಒಯ್ದು ದುಡ್ಡು ಕೊಟ್ಟಿಲ್ಲ. ಸದಸ್ಯರು ಮಾಲನ್ನು ದಲಾಲರಿಗೇ ಹಾಕುತ್ತಾರೆ. ಮುಂದಿನ ಅವಧಿಗೆ ನನ್ನನ್ನು ಅಧ್ಯಕ್ಷೆ ಮಾಡುವ ಮಾತು ನಡೆದಿದೆ. ಪ್ರಾಮಾಣಿಕವಾಗಿ ನಡೆಸಿ ಕಂಪನಿ ಉಳಿಸಲು ಸಾಧ್ಯವೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಸಾಧ್ಯ. ಶುರು ಮಾಡಬೇಕಾದದ್ದು ನಿರ್ದೇಶಕರ ಉದ್ರಿಯಿಂದ. ಸಿಇಒ ಹುಡುಕಾಟ, ಹೊಸ ಯೋಜನೆಗೆ ಅರ್ಜಿ, ಗೋದಾಮಿನ ಕನಸು ಎಲ್ಲವೂ ಅದರ ನಂತರ. ಸದಸ್ಯರು ದಲಾಲರ ಕಡೆ ಹೋಗುವುದಕ್ಕೂ ಆ ಉದ್ರಿಗೂ ನೇರ ಸಂಬಂಧವಿದೆ. ಅದನ್ನು ಲೆಕ್ಕದಲ್ಲೇ ತೋರಿಸುತ್ತೇನೆ. ‘ನೀತಿ ಬೇರೆ, ವ್ಯಾಪಾರ ಬೇರೆ’ ಎನ್ನುವವರು ನಿಮ್ಮ ಮಂಡಳಿಯಲ್ಲೂ ಇರುತ್ತಾರೆ. ಅವರ ಮುಂದೆ ಇಡಲು ನಿಮಗೆ ಅಂಕಿಗಳು ಬೇಕು.

ಮೊದಲು ನಿಮ್ಮ ವರ್ಷದ ಖರ್ಚು ನೋಡೋಣ. ನಿಮ್ಮ ಗಾತ್ರದ ಕಂಪನಿಗೆ ಸಿಇಒ ಸಂಬಳ 25,000, ಲೆಕ್ಕಿಗರಿಗೆ 10,000, ಬಾಡಿಗೆ 6,000, ಕರೆಂಟು, ಫೋನು, ಓಡಾಟ 6,000, ಲೆಕ್ಕಪರಿಶೋಧನೆ ಮತ್ತು ವಾರ್ಷಿಕ ಫೈಲಿಂಗ್ ಸರಾಸರಿ 5,000 ಎಂದು ಹಿಡಿಯಿರಿ. ತಿಂಗಳಿಗೆ 52,000, ವರ್ಷಕ್ಕೆ 6.24 ಲಕ್ಷ. ನಿಮ್ಮ ಅಂಕಿ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ, ಆದರೆ ಲೆಕ್ಕದ ದಾರಿ ಇದೇ. ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ 10,000 ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯಲ್ಲಿ ಒಂದು ಸಂಸ್ಥೆಗೆ ಮೂರು ವರ್ಷಕ್ಕೆ ಗರಿಷ್ಠ 18 ಲಕ್ಷ ರೂಪಾಯಿ ಆಡಳಿತ ವೆಚ್ಚ ಸಿಗುತ್ತಿತ್ತು. ಅಂದರೆ ವರ್ಷಕ್ಕೆ ಆರು ಲಕ್ಷ. ಈ ವೆಚ್ಚ ಇಷ್ಟು ದಿನ ಸದಸ್ಯರ ಕಣ್ಣಿಗೆ ಬೀಳದೆ ಹೋದದ್ದು ಅದಕ್ಕೇ. ಈಗ ಅಷ್ಟೂ ವ್ಯಾಪಾರದಿಂದಲೇ ಹುಟ್ಟಬೇಕು.

ಬೀಜ-ಗೊಬ್ಬರದಲ್ಲಿ ವರ್ಷಕ್ಕೆ 60 ಲಕ್ಷ ವಹಿವಾಟು, ಸರಾಸರಿ ಶೇ 4 ಉಳಿಕೆ ಎಂದುಕೊಂಡರೆ 2.4 ಲಕ್ಷ ಬಂತು. ಉಳಿದ 3.84 ಲಕ್ಷ ಗೋವಿನಜೋಳದಿಂದ ಬರಬೇಕು. ಕ್ವಿಂಟಲ್‌ಗೆ 40 ರೂಪಾಯಿ ಉಳಿದರೆ 9,600 ಕ್ವಿಂಟಲ್ ಖರೀದಿಯಾಗಬೇಕು. ಎಲ್ಲ 640 ಸದಸ್ಯರೂ ಹಾಕಿದರೆ ತಲಾ 15 ಕ್ವಿಂಟಲ್, ಸುಮಾರು ಒಂದು ಎಕರೆ ಬೆಳೆ. ಇದೇನೂ ದೊಡ್ಡದಲ್ಲ. ಆದರೆ ನಾಲ್ಕರಲ್ಲಿ ಒಬ್ಬರು, ಅಂದರೆ 160 ಜನ ಮಾತ್ರ ಹಾಕಿದರೆ ತಲಾ 60 ಕ್ವಿಂಟಲ್ ಬೇಕು. ಎರಡು-ಮೂರು ಎಕರೆಯವರಿಂದ ಅದು ಆಗದು. ಆದ್ದರಿಂದ ಅಧ್ಯಕ್ಷರಾದವರು ಪ್ರತಿ ತಿಂಗಳು ಕೇಳಬೇಕಾದ ಮೊದಲ ಅಂಕಿ ಲಾಭದ್ದಲ್ಲ. ಈ ಹಂಗಾಮಿನಲ್ಲಿ ಎಷ್ಟು ಸದಸ್ಯರು ನಮ್ಮ ಜೊತೆ ಒಂದು ಸಲವಾದರೂ ವ್ಯವಹರಿಸಿದರು ಎಂಬುದು. ಷೇರುದಾರರ ಪಟ್ಟಿ 640 ಇದ್ದು ವ್ಯವಹರಿಸುವವರು 150 ಇದ್ದರೆ, ನಿಮ್ಮದು 150 ಜನರ ಕಂಪನಿ.

ಈಗ ಬಂಡವಾಳ. ಸದಸ್ಯರ ಷೇರು 6.4 ಲಕ್ಷ. ಅದಕ್ಕೆ ಸಮನಾಗಿ ಸರ್ಕಾರ ಷೇರು ಬಂಡವಾಳಕ್ಕೆ ಸೇರಿಸುವ ಈಕ್ವಿಟಿ ಅನುದಾನ (ಯೋಜನೆಯಲ್ಲಿ ಒಬ್ಬ ಸದಸ್ಯರಿಗೆ ಗರಿಷ್ಠ 2,000, ಸಂಸ್ಥೆಗೆ ಗರಿಷ್ಠ 15 ಲಕ್ಷ) ಪಡೆದಿದ್ದರೆ ಒಟ್ಟು 12.8 ಲಕ್ಷ. ಕ್ವಿಂಟಲ್‌ಗೆ 2,150 ಕೊಟ್ಟು ಕೊಂಡರೆ ಒಂದು ಸುತ್ತಿಗೆ (ಕೊಂಡು, ಮಾರಿ, ದುಡ್ಡು ತಿರುಗಿ ಬರುವವರೆಗೆ) ಸುಮಾರು 595 ಕ್ವಿಂಟಲ್, 20 ಟನ್‌ನ ಮೂರು ಲಾರಿ. ನಿಮ್ಮ ಜೋಳ ಕೊಳ್ಳುವ ಕೋಳಿ ಆಹಾರದ ಕಾರ್ಖಾನೆ 20 ದಿನಕ್ಕೆ ದುಡ್ಡು ಕೊಡುತ್ತದೆ ಎಂದಾದರೆ 90 ದಿನದ ಸುಗ್ಗಿಯಲ್ಲಿ ನಾಲ್ಕು ಸುತ್ತು, 2,400 ಕ್ವಿಂಟಲ್ ಮುಟ್ಟುವುದೂ ಕಷ್ಟ. ಉಳಿಕೆ 96,000 ದಾಟದು. ಅದೇ ಕಾರ್ಖಾನೆಯ ಜೊತೆ ‘ವೇಬ್ರಿಜ್ (ಲಾರಿ ತೂಗುವ ಕಟ್ಟೆ) ಚೀಟಿ ಬಂದ ಐದು ದಿನದೊಳಗೆ ಪಾವತಿ’ ಎಂದು ಒಪ್ಪಂದವಾದರೆ 18 ಸುತ್ತು, 10,700 ಕ್ವಿಂಟಲ್. ಬಂಡವಾಳ ಅದೇ, ಉಳಿಕೆ 4.28 ಲಕ್ಷ, ಜೋಳದಿಂದ ಬರಬೇಕಿದ್ದ 3.84 ಲಕ್ಷ ದಾಟಿತು. ಕ್ವಿಂಟಲ್‌ಗೆ ಹತ್ತು ರೂಪಾಯಿ ಕಡಿಮೆ ಕೊಟ್ಟರೂ ಬೇಗ ಕೊಡುವ ಖರೀದಿದಾರ ನಿಮ್ಮಂಥ ಕಂಪನಿಗೆ ಉತ್ತಮ. ದರಕ್ಕಾಗಿ ಹಟ ಹಿಡಿದು ದಿನಗಳ ವಿಷಯದಲ್ಲಿ ಸಡಿಲ ಬಿಡುವುದು ಹೊಸ ಕಂಪನಿಗಳ ಸಾಮಾನ್ಯ ತಪ್ಪು.

ನಿರ್ದೇಶಕರ ಉದ್ರಿ ಬರುವುದು ಇಲ್ಲಿಯೇ. ಮುಂಗಾರಿಗೆ ಹೋದ ಗೊಬ್ಬರದ ದುಡ್ಡು ಅಕ್ಟೋಬರ್ ಹೊತ್ತಿಗೆ ತಿರುಗಿ ಬಂದರೆ ಅದೇ ಬಂಡವಾಳ ಜೋಳಕ್ಕೆ ಹೋಗುತ್ತದೆ. ಬರದಿದ್ದರೆ ಇಲ್ಲ. ಒಬ್ಬ ನಿರ್ದೇಶಕರು ಎರಡು ಲಕ್ಷ ಉಳಿಸಿಕೊಂಡರೆ ಪ್ರತಿ ಸುತ್ತಿಗೆ 93 ಕ್ವಿಂಟಲ್ ಖರೀದಿ ತಪ್ಪುತ್ತದೆ, 18 ಸುತ್ತಿಗೆ 1,674 ಕ್ವಿಂಟಲ್, ಸುಮಾರು 67,000 ರೂಪಾಯಿ ಉಳಿಕೆ. ಅಸಲು ಒಂದು ದಿನ ಬಂದೇ ಬರುತ್ತದೆ ಎಂದರೂ ಈ 67,000 ಬರುವುದಿಲ್ಲ. ಜೋಳ ತಂದ ಸದಸ್ಯನಿಗೆ ‘ದುಡ್ಡು ಮುಂದಿನ ವಾರ’ ಎಂದು ಹೇಳಿ ಕಳಿಸಬೇಕಾಗುತ್ತದೆ. ಅವನು ಮರುದಿನ ದಲಾಲನ ಅಂಗಡಿಗೆ ಹೋಗುತ್ತಾನೆ, ಯಾಕೆಂದರೆ ದಲಾಲ ಅಲ್ಲಿಯೇ ಎಣಿಸಿ ಕೊಡುತ್ತಾನೆ. ಈ ಸರಪಳಿಯನ್ನು ಮಂಡಳಿಯ ಸಭೆಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿ. ಯಾರ ಹೆಸರೂ ಹೇಳದೆ ಮೊದಲ ಸಲ ಲೆಕ್ಕ ಮಾತ್ರ ಇಡಿ.

ಉದ್ರಿಗೆ ನಿಯಮ ಹೀಗಿರಲಿ. ಬಾಕಿಯನ್ನು ಮೂರು ಕಂತೆ ಮಾಡಿಸಿ: 90 ದಿನದೊಳಗಿನದು, 91ರಿಂದ 180 ದಿನದ್ದು, 180 ದಾಟಿದ್ದು. ಕಂಪನಿ ಕಾಯ್ದೆಯಲ್ಲಿ ಉತ್ಪಾದಕ ಕಂಪನಿ ತನ್ನ ಸದಸ್ಯರಿಗೆ ಕೊಡುವ ಉದ್ರಿ ಸೌಲಭ್ಯಕ್ಕೆ ಆರು ತಿಂಗಳ ಮಿತಿಯಿದೆ. ಮೂರನೇ ಕಂತೆಯಲ್ಲಿರುವುದು ಬರೀ ಕೆಟ್ಟ ಸಾಲವಲ್ಲ, ಕಾಯ್ದೆಯ ಮಿತಿಯನ್ನೂ ದಾಟಿದ ಸಾಲ. ನಿರ್ದೇಶಕರಿಗೆ ಅಥವಾ ಅವರ ಸಂಬಂಧಿಕರಿಗೆ ಸಾಲ, ಮುಂಗಡ ಕೊಡುವುದಕ್ಕೆ ಸಾಮಾನ್ಯ ಸಭೆಯ ನಿರ್ಣಯ ಬೇಕು. ಮಂಡಳಿ ತಾನೇ ಒಪ್ಪಿಕೊಂಡರೆ ಸಾಲದು. ಹಿಂದಿನ ಮೂರು ವರ್ಷದ ನಡಾವಳಿ ತೆಗೆಸಿ, ಅಂಥ ನಿರ್ಣಯ ಇದೆಯೇ ನೋಡಿ. ಇರುವುದಿಲ್ಲ ಎಂದೇ ಇಟ್ಟುಕೊಂಡು ಮುಂದಿನ ಹೆಜ್ಜೆ ಯೋಚಿಸಿ: ಪ್ರತಿ ನಿರ್ದೇಶಕರಿಂದ ಬರವಣಿಗೆಯಲ್ಲಿ ಬಾಕಿಯ ಒಪ್ಪಿಗೆ, ಮೂರು ಕಂತು, ಕೊನೆಯದು ಸೆಪ್ಟೆಂಬರ್ 30ರೊಳಗೆ. ಅಲ್ಲಿಯತನಕ ಮಂಡಳಿಯ ಯಾರಿಗೂ ಹೊಸ ಉದ್ರಿ ಇಲ್ಲ, ನಿಮ್ಮನ್ನೂ ಸೇರಿಸಿ. ನಿಮ್ಮ ಮನೆಯ ಬಾಕಿ ಒಂದು ಚೀಲದ್ದಿದ್ದರೂ ಈ ಮಾತು ಎತ್ತುವ ಹಿಂದಿನ ದಿನವೇ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ಸಾಮಾನ್ಯ ಸದಸ್ಯರಿಗೆ ಉದ್ರಿ ಪೂರ್ತಿ ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ಬಿತ್ತನೆ ಹೊತ್ತಿನಲ್ಲಿ ಕೈಯಲ್ಲಿ ದುಡ್ಡಿಲ್ಲದವನೇ ದಲಾಲನಿಂದ ಸಾಲ ತರುವುದು, ಸುಗ್ಗಿಯಲ್ಲಿ ಮಾಲು ಅವನಿಗೇ ಕಟ್ಟುಬೀಳುವುದು. ಕಳೆದ ಹಂಗಾಮಿನಲ್ಲಿ ಸದಸ್ಯ ಕಂಪನಿಗೆ ಹಾಕಿದ ಮಾಲಿನ ಬೆಲೆಯ ಶೇ 20ರವರೆಗೆ, ಜೋಳದ ಬಿಲ್ಲಿನಲ್ಲಿ ಕಡಿತವಾಗುವಂತೆ, ಉದ್ರಿ ಕೊಡಬಹುದು. ಮಾಲು ಹಾಕದವನಿಗೆ ನಗದು ಮಾತ್ರ. ಹೀಗಾದಾಗ ಉದ್ರಿ ಪರಿಚಯದ ಮೇಲಲ್ಲ, ವ್ಯವಹಾರದ ಮೇಲೆ ನಿಲ್ಲುತ್ತದೆ.

ಉದ್ದೇಶವನ್ನು ಅಳೆಯುವಂತೆ ಬರೆಯಿರಿ

ನಿಮ್ಮ ಕಂಪನಿಯ ಉದ್ದೇಶಪತ್ರದಲ್ಲಿ ‘ರೈತರ ಸರ್ವತೋಮುಖ ಅಭಿವೃದ್ಧಿ’ ಎಂದು ಇದ್ದೇ ಇರುತ್ತದೆ. ಅದರಿಂದ ಯಾವ ತೀರ್ಮಾನಕ್ಕೂ ನೆರವಾಗದು. ಇದರ ಬದಲು ಒಂದು ವಾಕ್ಯ ಸಾಕು: ‘ನಮ್ಮ ಸದಸ್ಯರಿಗೆ ಕೈಗೆ ಸಿಗುವ ನಿವ್ವಳ ದರ, ಅದೇ ದಿನ ಮಾರುಕಟ್ಟೆಗೆ ಹೋಗಿದ್ದರೆ ಸಿಗುತ್ತಿದ್ದುದಕ್ಕಿಂತ ಹೆಚ್ಚಿರಬೇಕು, ಮೂರು ದಿನದೊಳಗೆ ಬ್ಯಾಂಕಿಗೆ ಬೀಳಬೇಕು.’ ನಿವ್ವಳ ಎಂಬುದನ್ನು ಬಿಡಿಸಿ ತೋರಿಸಬೇಕು. ಮಾರುಕಟ್ಟೆಯಲ್ಲಿ 2,200 ಕೂಗಿದರು ಎನ್ನಿ. ಅದರಲ್ಲಿ ಗಾಡಿ ಬಾಡಿಗೆ 60, ಹಮಾಲಿ 15, ಕ್ವಿಂಟಲ್‌ಗೆ ಒಂದು ಕೆ.ಜಿ. ಸೂಟು (ತೂಕದಲ್ಲಿ ರೂಢಿಯಾಗಿ ಕಡಿಯುವುದು) ಹೋದರೆ 22. ಕೈಗೆ ಬಂದದ್ದು 2,103. ಕಂಪನಿ ಊರಲ್ಲೇ 2,150 ಕೊಟ್ಟರೆ ರೈತನಿಗೆ 47 ಹೆಚ್ಚು. ಕಾರ್ಖಾನೆಯ ದರ 2,260, ಅದರಲ್ಲಿ ಸಾಗಣೆ 45, ಹಮಾಲಿ ಮತ್ತು ಚೀಲ 15, ಒಣಗುವ ನಷ್ಟ 10 ಕಳೆದರೆ 2,190. ಕಂಪನಿಗೆ ಉಳಿಯುವುದು 40. ಈ ಎರಡೂ ಲೆಕ್ಕವನ್ನು, ರೈತನದನ್ನೂ ಕಂಪನಿಯದನ್ನೂ, ಖರೀದಿ ಕೇಂದ್ರದ ಬೋರ್ಡಿನ ಮೇಲೆ ದಿನವೂ ಬರೆಸಿ. ಕಂಪನಿಯ 40 ರೂಪಾಯಿಯನ್ನು ಮುಚ್ಚಿಡಲು ಸಿಇಒಗಳು ಬಯಸುತ್ತಾರೆ, ‘ಸದಸ್ಯರು ಚೌಕಾಸಿ ಮಾಡುತ್ತಾರೆ’ ಎನ್ನುತ್ತಾರೆ. ಮಾಡಲಿ. ಆ 40 ಯಾಕೆ ಬೇಕು ಎಂದು ತಿಳಿದ ಸದಸ್ಯನೇ ಕಂಪನಿಯ ಪರ ಊರಲ್ಲಿ ಮಾತಾಡುವವನು.

ಮಂಗಳೂರಿನಲ್ಲಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಇಲ್ಲಿ ನೆನಪಿಗೆ ಬರುತ್ತದೆ. ಅಡಿಕೆ ದರ ಕುಸಿದಿದ್ದ ಹೊತ್ತಿನಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರು ಕಟ್ಟಿಕೊಂಡ ಸಹಕಾರಿ ಅದು. ಎಪ್ಪತ್ತರ ದಶಕದ ಕೊನೆಗೆ ಕೋಕೋ ಕೊಳ್ಳುವವರು ಹಿಂದೆ ಸರಿದಾಗ, ಅಡಿಕೆ ತೋಟದ ನಡುವೆ ಕೋಕೋ ಹಾಕಿದ್ದ ಬೆಳೆಗಾರರನ್ನು ಕೈಬಿಡದೆ ಕೋಕೋ ಖರೀದಿಗೂ ಇಳಿಯಿತು. ಕೊಂಡದ್ದಕ್ಕೆ ದಾರಿ ಬೇಕಾಯಿತು, 1986ರಲ್ಲಿ ಪುತ್ತೂರಿನ ಚಾಕೊಲೇಟ್ ಕಾರ್ಖಾನೆ ಬಂತು. ಕಾರ್ಖಾನೆ ಮೊದಲು ಬಂದು ಉದ್ದೇಶ ಆಮೇಲೆ ಹುಡುಕಿದ್ದಲ್ಲ. ಸಬ್ಸಿಡಿ ಸಿಗುತ್ತದೆಂದು ಎಣ್ಣೆ ಗಾಣ, ರೊಟ್ಟಿ ಯಂತ್ರ, ಶೀತಲ ಗೃಹ ಎಂದು ಓಡುವ ಮುನ್ನ ಈ ಕ್ರಮವನ್ನು ನೆನೆಯಿರಿ. ಬೀಗ ಬಿದ್ದ ಯಂತ್ರಕ್ಕೂ ಕರೆಂಟಿನ ಕನಿಷ್ಠ ಬಿಲ್ಲು ಬರುತ್ತದೆ.

ಕಾಂಟಾ ಮತ್ತು ತೇವಾಂಶ

ನಂಬಿಕೆ ಹುಟ್ಟುವ ಜಾಗ ಕಾಂಟಾ, ಅಂದರೆ ತೂಕದ ಯಂತ್ರ. ಇದಕ್ಕೆ ನೀವು ಖುದ್ದು ಸಮಯ ಕೊಡಬೇಕು, ಸಿಇಒಗೆ ಬಿಡುವ ವಿಷಯವಲ್ಲ.

ಎಲೆಕ್ಟ್ರಾನಿಕ್ ಕಾಂಟಾಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಆಗಬೇಕು. ಪ್ರಮಾಣಪತ್ರ ಗೋಡೆಯ ಮೇಲಿರಲಿ. 20 ಕೆ.ಜಿ.ಯ ಮುದ್ರೆ ಬಿದ್ದ ತೂಕದ ಕಲ್ಲು ಒಂದನ್ನು ಕೊಂಡಿಟ್ಟು, ಪ್ರತಿ ಬೆಳಿಗ್ಗೆ ಮೊದಲ ರೈತನ ಕೈಯಿಂದಲೇ ಅದನ್ನು ತೂಗಿಸಿ. ಹಲಗೆಯ ನಡುವೆ ಒಮ್ಮೆ, ನಾಲ್ಕು ಮೂಲೆಯಲ್ಲಿ ಒಂದೊಂದು ಸಲ. ಮೂಲೆಗೊಂದು ತೂಕ ತೋರಿಸಿದರೆ ಕೆಳಗಿನ ಲೋಡ್ ಸೆಲ್ (ಭಾರ ಅಳೆಯುವ ಭಾಗ) ಕೆಟ್ಟಿದೆ ಅಥವಾ ಕಾಂಟಾ ಸಮತಟ್ಟಾಗಿ ಕೂತಿಲ್ಲ ಎಂದರ್ಥ. ನೆಲ ಸರಿಮಾಡಿ, ಆಗಲೂ ಸರಿಯಾಗದಿದ್ದರೆ ಆ ದಿನ ಖರೀದಿ ಇಲ್ಲ. ಖಾಲಿ ಚೀಲದ ತೂಕವನ್ನು ಅಂದಾಜಿಗೆ ಒಂದು ಕೆ.ಜಿ. ಎಂದು ಕಳೆಯಬೇಡಿ. ಹತ್ತು ಖಾಲಿ ಚೀಲ ತೂಗಿ ಸರಾಸರಿ ಹಾಕಿ.

ತೇವಾಂಶದಲ್ಲಿ ಮೋಸವೂ ಆಗುತ್ತದೆ, ಮೋಸವಿಲ್ಲದೆ ಜಗಳವೂ ಆಗುತ್ತದೆ. ಗೋವಿನಜೋಳಕ್ಕೆ ಶೇ 14 ಒಪ್ಪಿತ ಮಟ್ಟ. ಶೇ 18 ಇದ್ದರೆ ‘ನಾಲ್ಕು ಹೆಚ್ಚು, ನಾಲ್ಕು ಕೆ.ಜಿ. ಕಡಿತ’ ಎಂಬ ರೂಢಿ ಲೆಕ್ಕ ತಪ್ಪು. 100 ಕೆ.ಜಿ.ಯಲ್ಲಿ ಒಣ ಪದಾರ್ಥ 82 ಕೆ.ಜಿ. ಅದು ಶೇ 14ಕ್ಕೆ ಇಳಿದಾಗಿನ ತೂಕ 82ನ್ನು 0.86ರಿಂದ ಭಾಗಿಸಿದರೆ ಬರುವ 95.35 ಕೆ.ಜಿ. ಅಂದರೆ ನ್ಯಾಯವಾದ ಕಡಿತ 4.65. ಶೇ 16 ಇದ್ದರೆ 97.67, ಕಡಿತ 2.33. ಶೇ 18ರ ಜೋಳಕ್ಕೆ ನಾಲ್ಕೇ ಕಡಿದರೆ ಕಂಪನಿಗೆ ನಷ್ಟ, ಐದಾರು ಕಡಿದರೆ ರೈತನಿಗೆ. ಶೇ 14ರಿಂದ 20ರವರೆಗೆ ಅರ್ಧರ್ಧ ಅಂಶಕ್ಕೆ ಈ ಕೋಷ್ಟಕ ಮಾಡಿಸಿ ಗೋಡೆಗೆ ಹಚ್ಚಿ. ರಾಶಿಯ ಮೇಲೆ, ನಡುವೆ, ತಳದಲ್ಲಿ ಮೂರು ಮಾದರಿ ತೆಗೆದು ಸರಾಸರಿ ಹಿಡಿಯಿರಿ. ಬಿಸಿಲಿಗೆ ಕಾದ ಮೇಲ್ಪದರ ಒಣಗಿದಂತೆ ಕಾಣುತ್ತದೆ, ತಳದ ಜೋಳ ಹಸಿಯಿರುತ್ತದೆ. ಮೀಟರಿನ ಅಂಕಿಯನ್ನು ರೈತನೇ ಓದಿ ಹೇಳಲಿ. ತೂಕ, ತೇವಾಂಶ, ಕಡಿತ, ದರ, ಒಟ್ಟು ಮೊತ್ತ, ಪಾವತಿಯ ತಾರೀಖು ಈ ಆರೂ ಇರುವ ಪಟ್ಟಿ ಅಲ್ಲಿಯೇ ಅವನ ಕೈಗೆ ಸಿಗಲಿ. ನಮ್ಮ ಹಳ್ಳಿಗಳ ಹಾಲಿನ ಡೇರಿಯಲ್ಲಿ ಹಾಲು ಸುರಿದ ಕೂಡಲೇ ಫ್ಯಾಟು, ಲೀಟರು, ದರ ಬರೆದ ಚೀಟಿ ಬರುತ್ತದಲ್ಲ, ಅಷ್ಟೇ ಸರಳವಾಗಿರಲಿ.

ನಿರ್ದೇಶಕರ ಜೋಳವೂ ಇದೇ ಸಾಲಿನಲ್ಲಿ ನಿಂತು, ಇದೇ ಮೀಟರಿಗೆ ಸಿಕ್ಕಿ ಒಳಬರಬೇಕು. ರಾತ್ರಿ ಎಂಟಕ್ಕೆ ಹಿಂದಿನ ಬಾಗಿಲಿನಿಂದ ಬಂದ ಒಂದು ಟ್ರ್ಯಾಕ್ಟರ್ ಸಾಕು, ಊರಿಗೆಲ್ಲ ಸುದ್ದಿಯಾಗಲು.

ಪಾವತಿ ಎಷ್ಟೇ ಸಣ್ಣದಿದ್ದರೂ ಬ್ಯಾಂಕಿನ ಮೂಲಕವೇ ಆಗಲಿ. ಕಂಪನಿ ಖಾತೆಗೆ ಎರಡು ಸಹಿ ಇರಲಿ, ಸಿಇಒ ಒಬ್ಬರು, ನಿರ್ದೇಶಕರು ಒಬ್ಬರು. ಸಹಿ ಹಾಕಿದ ಖಾಲಿ ಚೆಕ್ಕುಗಳನ್ನು ‘ತುರ್ತಿಗೆ’ ಎಂದು ಕಚೇರಿಯಲ್ಲಿ ಇಡುವ ಪದ್ಧತಿ ಹಲವು ಕಡೆ ಇದೆ. ಇದನ್ನು ಮೊದಲ ವಾರವೇ ನಿಲ್ಲಿಸಿ.

ಮಂಡಳಿಯೊಳಗೆ ಕೂತ ವ್ಯಾಪಾರಿ

ನಿಮ್ಮ ಪತ್ರದಲ್ಲಿ ಇದಿಲ್ಲ, ಆದರೂ ಕೇಳಿಕೊಳ್ಳಿ: ನಿರ್ದೇಶಕರಲ್ಲಿ ಯಾರಿಗಾದರೂ ಗೊಬ್ಬರದ ಅಂಗಡಿ ಅಥವಾ ದಲಾಲಿ ಅಂಗಡಿ ಇದೆಯೇ? ಕಂಪನಿಯ ವ್ಯಾಪಾರಕ್ಕೆ ಎದುರಾಗುವ ವ್ಯಾಪಾರ ಹಿತಾಸಕ್ತಿ ಇರುವವರು ಉತ್ಪಾದಕ ಕಂಪನಿಯ ಸದಸ್ಯರೇ ಆಗುವಂತಿಲ್ಲ, ಆಮೇಲೆ ಅಂಥ ಹಿತಾಸಕ್ತಿ ಬಂದರೂ ಸದಸ್ಯತ್ವ ಉಳಿಯುವುದಿಲ್ಲ ಎಂದು ಕಾಯ್ದೆ ಹೇಳುತ್ತದೆ. ನಿರ್ದೇಶಕ ಸ್ಥಾನದ ಮಾತು ಅದಕ್ಕಿಂತ ಮುಂದಿನದು. ತುಂಬ ಕಂಪನಿಗಳಿಗೆ ಈ ನಿಯಮವೇ ಗೊತ್ತಿಲ್ಲ, ಗೊತ್ತಿದ್ದರೂ ಮಾತೆತ್ತುವುದಿಲ್ಲ. ಹೆಂಡತಿಯ ಅಥವಾ ತಮ್ಮನ ಹೆಸರಲ್ಲಿ ಅಂಗಡಿ ಇದ್ದಾಗ ಕಾಗದದಲ್ಲಿ ತಪ್ಪು ಸಿಗದಿರಬಹುದು. ಅದಕ್ಕೆ ಪ್ರತಿ ಏಪ್ರಿಲ್‌ನಲ್ಲಿ ಎಲ್ಲ ನಿರ್ದೇಶಕರಿಂದ, ಸಿಇಒರಿಂದಲೂ, ಮನೆಯವರ ವ್ಯಾಪಾರದ ಘೋಷಣೆ ಬರೆಸಿಕೊಳ್ಳಿ. ಅದಕ್ಕೆ ಸಂಬಂಧಿಸಿದ ಖರೀದಿಯ ಚರ್ಚೆ ಬಂದಾಗ ಅವರು ಸಭೆಯಿಂದ ಎದ್ದು ಹೋಗಬೇಕು, ಎದ್ದು ಹೋದದ್ದು ನಡಾವಳಿಯಲ್ಲಿ ದಾಖಲಾಗಬೇಕು.

ಲಿಂಕ್ ಗೊಬ್ಬರದ ಪ್ರಶ್ನೆಯೂ ನಿಮ್ಮ ಬಾಗಿಲಿಗೆ ಬರುತ್ತದೆ. ಯೂರಿಯಾ ಬೇಕೆಂದರೆ ಇದನ್ನೂ ಎತ್ತಬೇಕು ಎಂದು ವಿತರಕರು ರೈತನಿಗೆ ಬೇಡದ ಬಾಟಲಿ, ಪುಡಿ ಹೇರುತ್ತಾರೆ. ಕಂಪನಿ ಅದನ್ನು ಸದಸ್ಯರ ಮೇಲೆ ದಾಟಿಸಿದರೆ ನೀವೂ ಬೇರೆ ಅಂಗಡಿಯಂತೆಯೇ ಆದಿರಿ. ನನ್ನ ಸಲಹೆ: ಹೇರಿದ ಸರಕಿನ ಪಟ್ಟಿ, ಬಿಲ್ಲಿನ ಪ್ರತಿ ಸಮೇತ ತಾಲೂಕು ಕೃಷಿ ಇಲಾಖೆಗೆ ಪ್ರತಿ ಸಲ ಬರವಣಿಗೆಯಲ್ಲಿ ಕೊಡಿ. ಆದರೆ ಸದಸ್ಯರಿಗೆ ಅದನ್ನು ಕಡ್ಡಾಯ ಮಾಡಬೇಡಿ. ಉಳಿದ ಸರಕಿನ ನಷ್ಟವನ್ನು ಲೆಕ್ಕದಲ್ಲಿ ಬೇರೆ ಸಾಲಿನಲ್ಲಿ ತೋರಿಸಿ. ನಷ್ಟ ಆಗುತ್ತದೆ, ಹೌದು. ಆ ನಷ್ಟ ತಾಳುವಷ್ಟು ಮಾತ್ರ ಯೂರಿಯಾ ಎತ್ತಿ.

ಮಹಿಳಾ ನಿರ್ದೇಶಕರ ಬದಲು ಗಂಡಂದಿರು ಸಭೆಗೆ ಬಂದು ಕೂರುವುದನ್ನು ಅಧ್ಯಕ್ಷೆಯಾಗಿ ನೀವು ಮೊದಲ ಸಭೆಯಲ್ಲೇ ತಡೆಯಬೇಕು. ನಿರ್ದೇಶಕಿಗೆ ಓದಲು ಬಾರದಿದ್ದರೆ ಕಾರ್ಯಸೂಚಿಯನ್ನು ಹಿಂದಿನ ದಿನ ಓದಿ ಹೇಳುವ ವ್ಯವಸ್ಥೆ ಮಾಡಿ. ಕುರ್ಚಿ ಮಾತ್ರ ಅವರದೇ.

ಲಾಭ ಬಂದಾಗ ಹಂಚುವ ಬಗೆ

ಉತ್ಪಾದಕ ಕಂಪನಿಯ ಕಾನೂನು (ಮೊದಲು 2002ರಲ್ಲಿ ಹಳೆಯ ಕಾಯ್ದೆಗೆ ಸೇರಿತ್ತು, ಈಗ 2013ರ ಕಂಪನಿ ಕಾಯ್ದೆಯಲ್ಲಿದೆ) ಒಂದು ಒಳ್ಳೆಯ ಉಪಾಯ ಇಟ್ಟಿದೆ. ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದು ಮತ. ಷೇರಿನ ಮೇಲಿನ ಪ್ರತಿಫಲಕ್ಕೆ ಮಿತಿ. ಉಳಿದ ಲಾಭವನ್ನು ಯಾರು ಎಷ್ಟು ವ್ಯವಹರಿಸಿದರೋ ಆ ಪ್ರಮಾಣದಲ್ಲಿ ಪೋಷಕತ್ವ ಬೋನಸ್ ಆಗಿ ಹಂಚಬಹುದು. ಬಹಳ ಕಂಪನಿಗಳು ಇದನ್ನು ಬಳಸುವುದೇ ಇಲ್ಲ.

ತೆರಿಗೆ ಕಳೆದು 3 ಲಕ್ಷ ಉಳಿಯಿತು ಎನ್ನಿ. ಸಾಮಾನ್ಯ ಮೀಸಲು ನಿಧಿ ಪ್ರತಿ ವರ್ಷ ಇಡಲೇಬೇಕು, 1 ಲಕ್ಷ ಅಲ್ಲಿಗೆ. 6.4 ಲಕ್ಷ ಷೇರಿಗೆ ಶೇ 6 ಕೊಟ್ಟರೆ 38,400. ಉಳಿದ 1,61,600 ಬೋನಸ್. 10,000 ಕ್ವಿಂಟಲ್ ಖರೀದಿಯಾಗಿದ್ದರೆ ಕ್ವಿಂಟಲ್‌ಗೆ 16 ರೂಪಾಯಿ 16 ಪೈಸೆ. 40 ಕ್ವಿಂಟಲ್ ಹಾಕಿದವರಿಗೆ ಷೇರಿನ 60, ಬೋನಸ್ 646, ಒಟ್ಟು 706. ಏನೂ ಹಾಕದೆ ಷೇರು ಮಾತ್ರ ಇಟ್ಟವರಿಗೆ 60. ಈ ಎರಡು ಅಂಕಿಯನ್ನು ಸಾಮಾನ್ಯ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಊರ ಜಾತ್ರೆಗೆ, ಗುಡಿಗೆ ಎಂದು ಕೇಳಿಕೊಂಡು ಬರುವವರಿಗೂ ಕಾಯ್ದೆ ಉತ್ತರ ಕೊಟ್ಟಿದೆ: ದೇಣಿಗೆ ಹಿಂದಿನ ವರ್ಷದ ನಿವ್ವಳ ಲಾಭದ ಶೇ 3 ಮೀರುವಂತಿಲ್ಲ, ಸದಸ್ಯರ, ಇತರ ಉತ್ಪಾದಕರ ಅಥವಾ ಸಾರ್ವಜನಿಕರ ಹಿತಕ್ಕೆ ಅಥವಾ ಪರಸ್ಪರ ನೆರವಿನ ತತ್ವಕ್ಕೆ ಸಂಬಂಧಿಸಿರಬೇಕು, ರಾಜಕೀಯ ಪಕ್ಷಕ್ಕೆ ಒಂದು ಪೈಸೆಯೂ ಇಲ್ಲ.

ಸಾಮಾನ್ಯ ಸಭೆಗೆ ಕೋರಂ (ಕನಿಷ್ಠ ಹಾಜರಿ) ಸದಸ್ಯರ ನಾಲ್ಕನೇ ಒಂದು ಭಾಗ, ನಿಮ್ಮಲ್ಲಿ 160 ಜನ. ಮನೆಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸುವ ಅಭ್ಯಾಸ ನಿಮ್ಮಲ್ಲಿದ್ದರೆ ಬಿಡಿ. ಆ ಸುಳ್ಳು ಹಾಜರಿಯ ಮೇಲೆ ನಿಂತ ಪ್ರತಿಯೊಂದು ನಿರ್ಣಯವೂ ನಾಳೆ ಪ್ರಶ್ನೆಗೆ ಒಳಗಾಗಬಹುದು. ಎರಡು ವಾರ ಮೊದಲು ಊರೂರಲ್ಲಿ ಅರ್ಧ ಗಂಟೆಯ ಕಟ್ಟೆ ಸಭೆ ಮಾಡಿ, ಹತ್ತು ಸಾಲಿನ ಲೆಕ್ಕ ಓದಿ. ಜನ ಬರುತ್ತಾರೆ.

ಸಿಇಒ ಹೋಗುವ ಮುನ್ನ

ಹೋಗುವವರನ್ನು ದೂರಬೇಡಿ. ಸಂಬಳ ಖಾತ್ರಿಯಿಲ್ಲದ ಕಡೆ ಯಾರೂ ನಿಲ್ಲುವುದಿಲ್ಲ. ಅಧ್ಯಕ್ಷೆಯೇ ಸಿಇಒ ಕೆಲಸ ಮಾಡಿಬಿಡುತ್ತೇನೆ ಎಂದು ಮಾತ್ರ ಹೊರಡಬೇಡಿ. ಪೂರ್ಣಾವಧಿ ಮುಖ್ಯ ಕಾರ್ಯನಿರ್ವಾಹಕರು ಸದಸ್ಯರಲ್ಲದವರಾಗಿರಬೇಕು ಎಂದು ಕಾಯ್ದೆ ಹೇಳುವುದಕ್ಕೆ ಕಾರಣವಿದೆ: ಲೆಕ್ಕ ಇಡುವವರೂ ಲೆಕ್ಕ ಕೇಳುವವರೂ ಒಬ್ಬರೇ ಆಗಬಾರದು. 1946ರಲ್ಲಿ ಶುರುವಾದ, ಗುಜರಾತಿನ ಆನಂದ್ ಊರಿನ ಹಾಲು ಒಕ್ಕೂಟದಲ್ಲಿ (ಇಂದಿನ ಅಮುಲ್) ತ್ರಿಭುವನದಾಸ ಪಟೇಲರು ಅಧ್ಯಕ್ಷರಾಗಿ ರೈತರನ್ನು ಹಿಡಿದಿಟ್ಟರು, ವರ್ಗೀಸ್ ಕುರಿಯನ್ ವೃತ್ತಿಪರರಾಗಿ ಡೇರಿ ನಡೆಸಿದರು. ಇಬ್ಬರ ಗಡಿ ಸ್ಪಷ್ಟವಾಗಿದ್ದುದು ಆ ಸಂಸ್ಥೆ ಬಾಳಿದ್ದಕ್ಕೆ ದೊಡ್ಡ ಕಾರಣ.

ಮೂರು ತಿಂಗಳ ನೋಟಿಸ್ ಕೇಳಿ, ಕೊನೆಯ ತಿಂಗಳನ್ನು ಹಸ್ತಾಂತರಕ್ಕೇ ಮೀಸಲಿಡಿ. ಗೋದಾಮಿನ ಸರಕನ್ನು ಇಬ್ಬರು ನಿರ್ದೇಶಕರ ಎದುರು ಎಣಿಸಿ, ಪುಸ್ತಕದೊಂದಿಗೆ, ಗೊಬ್ಬರದ ಮಾರಾಟ ದಾಖಲಿಸುವ ಪಿಒಎಸ್ ಯಂತ್ರದ ದಾಸ್ತಾನಿನೊಂದಿಗೆ ತಾಳೆ ನೋಡಿ. ಈ ಮೂರೂ ಒಂದೇ ಅಂಕಿ ತೋರಿಸುವುದು ಅಪರೂಪ. ವ್ಯತ್ಯಾಸಕ್ಕೆ ವಿವರಣೆ ಬರೆಸಿಕೊಳ್ಳಿ. ಬೀಜ, ಗೊಬ್ಬರ, ಕೀಟನಾಶಕದ ಪರವಾನಗಿ ಯಾರ ಹೆಸರಲ್ಲಿದೆ, ಯಾವಾಗ ಮುಗಿಯುತ್ತದೆ ನೋಡಿ. ಜಿಎಸ್‌ಟಿ ಮತ್ತು ಕಂಪನಿ ವ್ಯವಹಾರ ಸಚಿವಾಲಯದ ಲಾಗಿನ್‌ಗೆ ಕೊಟ್ಟ ಮೊಬೈಲ್ ಸಂಖ್ಯೆ ಸಿಇಒರ ಸ್ವಂತದ್ದಾಗಿದ್ದರೆ ಅವರು ಇರುವಾಗಲೇ ಕಂಪನಿಯ ಸಂಖ್ಯೆಗೆ ಬದಲಿಸಿ. ನಿಮ್ಮ ಡಿಜಿಟಲ್ ಸಹಿಯ ಟೋಕನ್ ಬೇರೊಬ್ಬರ ಕಚೇರಿಯ ಡ್ರಾಯರ್‌ನಲ್ಲಿದ್ದರೆ ಇಂದೇ ತಂದುಕೊಳ್ಳಿ, ನಿಮಗೆ ತಿಳಿಯದೆ ನಿಮ್ಮ ಹೆಸರಲ್ಲಿ ಸಹಿ ಬೀಳಬಹುದು. ವಾರ್ಷಿಕ ಲೆಕ್ಕ ಮತ್ತು ವಾರ್ಷಿಕ ವಿವರಣೆಯ ಫಾರಂ ತಡವಾದರೆ ದಿನಕ್ಕೆ, ಫಾರಂ ಒಂದಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಎರಡು ಫಾರಂ ಒಂದು ವರ್ಷ ಉಳಿದರೆ 73,000. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. ಸಿಇಒ ಬದಲಾದ ವರ್ಷದಲ್ಲೇ ಇವು ತಪ್ಪುವುದು.

ಹೊಸ ಸಿಇಒಗೆ ಸಂಬಳದ ಸ್ವಲ್ಪ ಭಾಗವನ್ನು ವ್ಯವಹಾರಕ್ಕೆ ಕಟ್ಟುವುದಾದರೆ ವಹಿವಾಟಿನ ರೂಪಾಯಿಗೆ ಕಟ್ಟಬೇಡಿ. ಹಾಗೆ ಮಾಡಿದರೆ ವರ್ತಕರ ಮಾಲನ್ನೇ ಕೊಂಡು ಅಂಕಿ ಬೆಳೆಸುವ ದಾರಿ ತೆರೆದುಕೊಳ್ಳುತ್ತದೆ. ವ್ಯವಹರಿಸಿದ ಸದಸ್ಯರ ಸಂಖ್ಯೆಗೆ, ಮೂರು ದಿನದೊಳಗಿನ ಪಾವತಿಯ ಪ್ರಮಾಣಕ್ಕೆ ಕಟ್ಟಿ.

ನೀವು ಅಧ್ಯಕ್ಷೆಯಾದ ದಿನವೇ ಇಳಿಯುವ ದಿನವನ್ನೂ ಗೊತ್ತುಮಾಡಿ. ನಿರ್ದೇಶಕರ ಅವಧಿ ಒಂದರಿಂದ ಐದು ವರ್ಷದ ನಡುವೆ ಇರಬಹುದು. ಎಲ್ಲರೂ ಒಂದೇ ವರ್ಷ ಇಳಿಯದಂತೆ, ಪ್ರತಿ ವರ್ಷ ಮೂರನೇ ಒಂದು ಭಾಗ ಬದಲಾಗುವಂತೆ, ಯಾರೂ ಸತತ ಎರಡು ಅವಧಿ ಮೀರದಂತೆ ನಿಯಮಾವಳಿಗೆ ತಿದ್ದುಪಡಿ ತನ್ನಿ. ನಿಮ್ಮ ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಸಹಕಾರ ಸಂಘ ನೋಂದಾಯಿಸಿದರು, ದೇಶದ ಮೊದಲ ಸಹಕಾರ ಸಂಘವೆಂದು ಅದನ್ನು ಎಣಿಸುತ್ತೇವೆ. ಸಂಘಟನೆಯ ಬುದ್ಧಿ ಈ ನೆಲಕ್ಕೆ ಹೊಸದಲ್ಲ. ಒಬ್ಬರ ನಂತರ ಇನ್ನೊಬ್ಬರು ನಡೆಸುವಂತೆ ವ್ಯವಸ್ಥೆ ಮಾಡುವ ಕೆಲಸ ಮಾತ್ರ ಪ್ರತಿ ಪೀಳಿಗೆಯೂ ಹೊಸದಾಗಿ ಮಾಡಬೇಕಾಗುತ್ತದೆ.

ಕೊನೆಗೆ, ಮಂಡಳಿ ಒಪ್ಪದಿದ್ದರೆ? ಅದಕ್ಕೂ ತಯಾರಿರಿ. ಉದ್ರಿ ವಸೂಲಿಯ ನಿರ್ಣಯವನ್ನು ಬರವಣಿಗೆಯಲ್ಲಿ ಮಂಡಿಸಿ, ಸೋತರೆ ನಿಮ್ಮ ಭಿನ್ನಮತ ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ, ಪ್ರತಿ ಪಡೆಯಿರಿ. ಆಂತರಿಕ ಲೆಕ್ಕಪರಿಶೋಧನೆಯನ್ನು ಚಾರ್ಟರ್ಡ್ ಅಕೌಂಟೆಂಟ್‌ರಿಂದ ಮಾಡಿಸುವುದು ಉತ್ಪಾದಕ ಕಂಪನಿಗೆ ಕಡ್ಡಾಯ. ಬಾಕಿಯ ಮೂರು ಕಂತೆಗಳನ್ನು ವರದಿಯಲ್ಲಿ ತೋರಿಸಬೇಕೆಂದು ಅವರಿಗೆ ಪತ್ರ ಬರೆಯಿರಿ. ಇಷ್ಟಕ್ಕೂ ಜಗ್ಗದಿದ್ದರೆ ಮತದ ಹಕ್ಕಿರುವ ಮೂರನೇ ಒಂದು ಭಾಗ ಸದಸ್ಯರು ವಿಷಯ ನಮೂದಿಸಿ ಸಹಿ ಮಾಡಿ ಕೊಟ್ಟರೆ ಮಂಡಳಿ ವಿಶೇಷ ಸಾಮಾನ್ಯ ಸಭೆ ಕರೆಯಬೇಕು. ನಿಮ್ಮಲ್ಲಿ ಅದು 214 ಸಹಿ. ಕೆಲವು ಸಹಿ ತಿರಸ್ಕೃತವಾಗುವ ಸಾಧ್ಯತೆ ಇರುವುದರಿಂದ 250 ತೆಗೆದುಕೊಳ್ಳಿ, ಪ್ರತಿಯೊಂದರ ಮುಂದೆ ಷೇರು ಫೋಲಿಯೊ ಸಂಖ್ಯೆ (ಷೇರುದಾರರ ಪಟ್ಟಿಯಲ್ಲಿನ ಅವರ ಸಂಖ್ಯೆ) ಇರಲಿ, ಒಂದು ಊರಿನವು ಒಂದೇ ಹಾಳೆಯಲ್ಲಿರಲಿ. ಸಹಿ ಕೇಳಲು ಹೋಗುವ ಮೊದಲು ಕಳೆದ ಹಂಗಾಮಿನಲ್ಲಿ ಜೋಳ ಹಾಕಿ ದುಡ್ಡಿಗೆ ಕಾದ ಸದಸ್ಯರ ಪಟ್ಟಿ ತೆಗೆದುಕೊಳ್ಳಿ, ಅವರ ಮನೆಗಳಿಂದಲೇ ಶುರು ಮಾಡಿ.